ಸಂಕೋಚದ ಯೇತಿಯನ್ನು ಗಟ್ಟಿಯಾಗಿ ಓದುವುದು

(ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವ ಶಿಕ್ಷಕರು, ಪಾಲಕರು, ಗ್ರಂಥಪಾಲಕರ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕಿಳಿಸಿದ್ದು.)

ದಂತಕತೆಯ ಪ್ರಾಣಿಗಳಲ್ಲಿ ಎರಡು ಬಗೆ. ಕೆಲವು ಎದುರಿಗೇ ಬಂದು ನಿಲ್ಲುತ್ತವೆ, ಬೆಂಕಿ ಉಗುಳುತ್ತವೆ, ಕೋಟೆ ಮುರಿಯುತ್ತವೆ, ರಾಜಕುಮಾರರ ಜೊತೆ ಕಾದಾಡುತ್ತವೆ. ಇನ್ನು ಕೆಲವು ಎಂದೂ ಎದುರಿಗೆ ಬರುವುದಿಲ್ಲ. ಒಂದು ಹೆಜ್ಜೆ ಗುರುತು, ನೀರಿನ ಮೇಲೊಂದು ಅಲೆ, ಮಸುಕು ಮಸುಕಾದ ಒಂದು ಫೋಟೊ, ಅಷ್ಟೇ ಸಿಗುವುದು. ನನಗೆ ಮೊದಲಿಂದಲೂ ಈ ಎರಡನೆಯ ಬಗೆಯವು ಇಷ್ಟ.

ಸ್ಕಾಟ್ಲೆಂಡಿನ ಲಾಖ್ ನೆಸ್ ಸರೋವರವನ್ನೇ ನೋಡಿ. ಉದ್ದ ಸುಮಾರು 37 ಕಿಲೋಮೀಟರ್, ಆಳ 230 ಮೀಟರ್‌ನಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳ ನೀರನ್ನು ಒಟ್ಟುಮಾಡಿದರೂ ಇದರಲ್ಲಿರುವಷ್ಟು ಆಗುವುದಿಲ್ಲ. 1933ರಲ್ಲಿ ಅಲ್ಲೊಂದು ದೊಡ್ಡ ಪ್ರಾಣಿ ಕಂಡಿತೆಂದು ಪತ್ರಿಕೆಯಲ್ಲಿ ಬಂತು. ಮರುವರ್ಷ ಉದ್ದ ಕತ್ತಿನ ಫೋಟೊ ಬಂತು. ಅದು ಆಟಿಕೆಯ ಜಲಾಂತರ್ಗಾಮಿಗೆ ಬೊಂಬೆಯ ಕತ್ತು ಸಿಕ್ಕಿಸಿ ತೆಗೆದದ್ದು ಎಂದು ಲೋಕಕ್ಕೆ ಗೊತ್ತಾಗುವ ಹೊತ್ತಿಗೆ 1994. ಈ ನಡುವೆ ದೋಣಿ ಬಂದವು, ಕ್ಯಾಮೆರಾ ಬಂದವು, ನೀರಿನೊಳಗೆ ಶಬ್ದ ಕಳಿಸಿ ತಡಕುವ ಯಂತ್ರಗಳೂ ಬಂದವು. ಪ್ರಾಣಿ ಮಾತ್ರ ಬರಲಿಲ್ಲ.

ಇದನ್ನು ಒಮ್ಮೆ ಮಕ್ಕಳಿಗೆ ಹೇಳಿ, "ಇಷ್ಟು ಜನ ಹುಡುಕಿದರೂ ಅದು ಯಾಕೆ ಮೇಲೆ ಬರಲಿಲ್ಲ?" ಅಂತ ಕೇಳಿದೆ. ದೊಡ್ಡವರಾಗಿದ್ದರೆ "ಇಲ್ಲವೇ ಇಲ್ಲ, ಅದಕ್ಕೆ" ಅನ್ನುತ್ತಿದ್ದರು. ಆರು ವರ್ಷದ ಒಬ್ಬ ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: "ಅಷ್ಟೊಂದು ಜನ ಬಂದಿದ್ದಾರಲ್ಲ, ಅದಕ್ಕೇ."

ನಾನೂ ಚಿತ್ರ ಬರೆಯುವ ನನ್ನ ಗೆಳತಿಯೂ ಈಗ ಕೆಲಸ ಮಾಡುತ್ತಿರುವ ಪುಸ್ತಕ ಹುಟ್ಟಿದ್ದು ಆ ಉತ್ತರದಿಂದ. ಇನ್ನೂ ಅಚ್ಚಾಗಿಲ್ಲ. ಪೆನ್ಸಿಲ್ ಚಿತ್ರಗಳ, ಪಿನ್ನು ಹೊಡೆದ ಕಚ್ಚಾ ಪ್ರತಿಯನ್ನೇ ಮಕ್ಕಳ ಗುಂಪುಗಳಿಗೆ ಓದಿ ಓದಿ ತಿದ್ದುತ್ತಿದ್ದೇವೆ. ಅದರಲ್ಲಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕತೆಯ ಪ್ರಾಣಿ ಯೇತಿ, ಹಿಮಾಲಯದ ದಂತಕತೆಗಳ ಹಿಮಮಾನವ. ಅದರ ಹೆಸರಿನದೇ ಒಂದು ದುಃಖದ ಕತೆ ಇದೆ, ಹೇಳಿಬಿಡುತ್ತೇನೆ. 1921ರಲ್ಲಿ ಎವರೆಸ್ಟ್ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡದ ನಾಯಕ ಹೊವರ್ಡ್-ಬರಿ ಹಿಮದಲ್ಲಿ ಹೆಜ್ಜೆ ಗುರುತು ಕಂಡರು. ಅವರಿಗೆ ಅದು ತೋಳದ ಹೆಜ್ಜೆ ಅನ್ನಿಸಿತು. ಜೊತೆಗಿದ್ದ ಶೆರ್ಪಾಗಳು 'ಮೆತೊ-ಕಾಂಗ್ಮಿ' ಅಂದರು. ಕರಡಿ-ಮನುಷ್ಯ, ಹಿಮಮನುಷ್ಯ ಅನ್ನುವ ಅರ್ಥದ ಮಾತು. ಕಲ್ಕತ್ತೆಯ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಎಂಬವರು 'ಮೆತೊ' ಪದವನ್ನು ತಪ್ಪಾಗಿ ತಿಳಿದು, 'ಅಸಹ್ಯ ಹಿಮಮಾನವ' ಎಂಬ ಅರ್ಥ ಬರುವ ಹಾಗೆ ಇಂಗ್ಲಿಷಿಗೆ ತಂದರು. ನೂರು ವರ್ಷದಿಂದ ಲೋಕವೆಲ್ಲ ಹಾಗೇ ಕರೆಯುತ್ತಿದೆ. ಯಾರಿಗೂ ಮುಖ ತೋರಿಸದ, ಯಾರಿಗೂ ಏನೂ ಮಾಡದ ಒಂದು ಜೀವಕ್ಕೆ ಎಂಥ ಹೆಸರು! ಮಕ್ಕಳಿಗೆ ಇದನ್ನು ಹೇಳಿದರೆ ನಿಜವಾಗಿಯೂ ಸಿಟ್ಟು ಬರುತ್ತದೆ. "ಅದಕ್ಕೆ ಗೊತ್ತಾ, ಹಾಗೆ ಕರೀತಾರೆ ಅಂತ?" ಎಂದು ಒಬ್ಬ ಕೇಳಿದ್ದ.

ಈಗ ತಮಾಷೆಗೆ ಬರೋಣ. ಸಂಕೋಚದ ಪ್ರಾಣಿಯ ಮೇಲೆ ನಗೆಪುಸ್ತಕ ಮಾಡುವುದು ಬಹಳ ಸುಲಭ, ಆ ಸುಲಭದಲ್ಲೇ ಅಪಾಯವಿದೆ. ಪ್ರಾಣಿ ಹೆದರುತ್ತದೆ, ಮುಗ್ಗರಿಸುತ್ತದೆ, ಮುಖ ಕೆಂಪಾಗುತ್ತದೆ, ಮಕ್ಕಳು ನಗುತ್ತಾರೆ. ನಗುವುದೇನೋ ನಿಜ. ಆದರೆ ಆ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತ ಒಂದು ಮಗು ಯಾವತ್ತೂ ಇರುತ್ತದೆ. ಪುಟದ ಮೇಲಿನ ಪ್ರಾಣಿ ತನ್ನ ಹಾಗೇ ಇದೆ ಅಂತ ಅದಕ್ಕೆ ಮೊದಲ ಪುಟದಲ್ಲೇ ಗೊತ್ತಾಗಿರುತ್ತದೆ. ಉಳಿದವರೆಲ್ಲ ಯಾವುದಕ್ಕೆ ನಗುತ್ತಿದ್ದಾರೆ ಎಂದು ಅದು ನೋಡುತ್ತಾ ಇರುತ್ತದೆ. ಪ್ರಾಣಿಯ ಸಂಕೋಚಕ್ಕೇ ನಗುವ ಪುಸ್ತಕ ನನಗೆ ಬೇಡ. ಹಾಗಾದರೆ ನಗು ಎಲ್ಲಿಂದ ತರುವುದು?

ನಮಗೆ ದಾರಿ ತೋರಿಸಿದ್ದು ಬಿಸಿಲು. ಯೇತಿಯ ಹೆಜ್ಜೆಗಳು ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ತಿಳಿದವರು ಕೊಡುವ ಕಾರಣಗಳಲ್ಲಿ ಒಂದು ಬಹಳ ಸರಳ: ಹಿಮದಲ್ಲಿ ಮೂಡಿದ ಹೆಜ್ಜೆಯ ಅಂಚು ಬಿಸಿಲಿಗೆ ಕರಗುತ್ತದೆ, ಹೆಜ್ಜೆ ಅಗಲವಾಗುತ್ತದೆ. ಪಕ್ಕಪಕ್ಕದ ಎರಡು ಹೆಜ್ಜೆ ಕೂಡಿಕೊಂಡು ಒಂದೇ ದೊಡ್ಡ ಹೆಜ್ಜೆಯಾಗುವುದೂ ಉಂಟು. ಬೆಳಿಗ್ಗೆ ಸಣ್ಣದಾಗಿದ್ದದ್ದು ಮಧ್ಯಾಹ್ನಕ್ಕೆ ರಾಕ್ಷಸನ ಪಾದವಾಗಬಹುದು. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮಾಲಯದ ಮೆನ್ಲುಂಗ್ ಹಿಮನದಿಯ ಮೇಲೆ ತೆಗೆದ ಹೆಜ್ಜೆಯ ಫೋಟೊ ನೀವು ನೋಡಿರಬಹುದು, ಪಕ್ಕದಲ್ಲಿ ಅಳತೆಗೆಂದು ಹಿಮಗೊಡಲಿ ಇಟ್ಟಿದ್ದಾರೆ. ಲೋಕವನ್ನೆಲ್ಲ ಬೆಚ್ಚಿಬೀಳಿಸಿದ ಫೋಟೊ ಅದು. ಅದರ ಮುಂದೆ ಕೂತು ಗೆಳತಿ ಕೇಳಿದಳು: "ಯೇತಿ ಚಿಕ್ಕದಾಗಿದ್ದರೆ?"

ಚಿಕ್ಕದೆಂದರೆ ಎಷ್ಟು ಚಿಕ್ಕದು? ಯಾಕ್‌ನ ಮೊಣಕಾಲಿನಷ್ಟು. ಕತೆ ಅಲ್ಲೇ ಬಿಚ್ಚಿಕೊಂಡಿತು. ಪುಟ್ಟ ಯೇತಿ ಬೆಳಗಿನ ಜಾವ ಹಿಮದ ಮೇಲೆ ಓಡುತ್ತದೆ. ಬಿಸಿಲೇರುತ್ತದೆ, ಹೆಜ್ಜೆ ಬೆಳೆಯುತ್ತದೆ. ಯೇತಿ ಹುಡುಕುವ ಮೂವರ ತಂಡ ಬರುತ್ತದೆ. ಅವರು ಹುಡುಕುವುದು ಮನೆ ಎತ್ತರದ ಯೇತಿಯನ್ನು, ಹಾಗಾಗಿ ಯಾವಾಗಲೂ ಮೇಲೆಯೇ ನೋಡುತ್ತಾರೆ. ದುರ್ಬೀನು ಮೇಲಕ್ಕೆ, ಕತ್ತು ಮೇಲಕ್ಕೆ, ಏಣಿಯೂ ಮೇಲಕ್ಕೆ. ಯೇತಿ ಅವರ ಕಾಲ ಬುಡದಲ್ಲೇ ಇರುತ್ತದೆ. ನಗು ಬರುವುದು ಹುಡುಕುವವರ ಮೇಲೆ. ಯೇತಿ ಏನೂ ಮಾಡಬೇಕಾಗಿಲ್ಲ, ತನ್ನ ಪಾಡಿಗೆ ಸಂಕೋಚಪಟ್ಟುಕೊಂಡು ಇದ್ದರೆ ಸಾಕು.

ಚಿತ್ರಪುಸ್ತಕದ ಕಟ್ಟುವಿಕೆಯ ಬಗ್ಗೆ ಒಂದು ಮಾತು, ಹೊಸಬರಿಗಾಗಿ. ಸಾಮಾನ್ಯವಾಗಿ ಇವು 32 ಪುಟದವು. ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ ಮಡಿಸಿದಾಗ ಎಂಟರ, ಹದಿನಾರರ ಲೆಕ್ಕದಲ್ಲಿ ಪುಟಗಳು ಬರುವುದರಿಂದ ಹಾಗೆ. ಶೀರ್ಷಿಕೆ, ಅಚ್ಚಿನ ವಿವರ ಎಲ್ಲ ಕಳೆದರೆ ಕತೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಜೋಡಿಪುಟ, ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ ಸೇರಿ ಒಂದು. ಅಂದರೆ ಓದುವವರ ಕೈಗೆ ಹತ್ತು ಹನ್ನೆರಡು ಪುಟ ತಿರುವು ಸಿಗುತ್ತವೆ. ನಗೆಪುಸ್ತಕದಲ್ಲಿ ನಗು ಇರುವುದು ಆ ತಿರುವಿನಲ್ಲಿ. ಮಾತು ಈ ಪುಟದಲ್ಲಿ ನಿಲ್ಲಬೇಕು, ಉತ್ತರ ಮುಂದಿನ ಪುಟದಲ್ಲಿರಬೇಕು, ನಡುವೆ ಕಾಗದ ಸರಿಯುವ ಸದ್ದಷ್ಟೇ ಇರಬೇಕು.

ನಮ್ಮ ಪುಸ್ತಕದ ಮೊದಲ ಎರಡು ಜೋಡಿಪುಟದಲ್ಲಿ ಅಕ್ಷರವೇ ಇಲ್ಲ. ಯೇತಿ ಓಡುವುದು, ಸೂರ್ಯ ಏರುವುದು, ಹೆಜ್ಜೆ ಅಗಲವಾಗುವುದು ಇಷ್ಟೇ. ಮೂರನೆಯದರಲ್ಲಿ ತಂಡ ಬರುತ್ತದೆ. ಅಲ್ಲಿಂದ ಪಠ್ಯ ಹೀಗೆ:

ಹಿಮದಲ್ಲೊಂದು ಹೆಜ್ಜೆ.
ಅಬ್ಬಬ್ಬಾ, ಎಷ್ಟು ದೊಡ್ಡ ಹೆಜ್ಜೆ!
ಹೆಜ್ಜೇನೇ ಇಷ್ಟಿದ್ರೆ ಯೇತಿ ಎಷ್ಟಿರಬೇಕು?
ಮೇಲೆ ನೋಡಿದ್ರು. ಇನ್ನೂ ಮೇಲೆ ನೋಡಿದ್ರು.
ಕತ್ತು ನೋಯೋವಷ್ಟು ಮೇಲೆ ನೋಡಿದ್ರು.
"ಇಲ್ಲಿ ಯಾರೂ ಇಲ್ಲ!"

ಚಿತ್ರದಲ್ಲಿ, ಅವರ ಬೆನ್ನ ಹಿಂದಿನ ಬಂಡೆಯಾಚೆ, ಎರಡು ಕಿವಿ.

ಅಕ್ಷರ ಹೇಳುವುದು ಒಂದು, ಚಿತ್ರ ಹೇಳುವುದು ಇನ್ನೊಂದು. ಓದಲು ಬಾರದ ಮಗುವಿಗೆ ಅಕ್ಷರ ನಿಮ್ಮ ಬಾಯಿಂದ ಬರುತ್ತದೆ, ಚಿತ್ರವನ್ನು ಅದು ತಾನೇ ಓದುತ್ತದೆ. ನೀವು "ಯಾರೂ ಇಲ್ಲ" ಅಂದ ಕ್ಷಣ, ಓದು ಬಲ್ಲ ದೊಡ್ಡವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನ್ನುವ ಸ್ಥಿತಿಗೆ ಮಗು ಬಂದುಬಿಡುತ್ತದೆ. ಅದರ ಮುಖ ನೋಡಬೇಕು ಆಗ. ಕಣ್ಣು ಅಗಲ, ಬಾಯಿ ಅರ್ಧ ತೆರೆದು, ಕೈ ಅರ್ಧ ಎತ್ತಿ, ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದು, ಆಮೇಲೆ ತಡೆಯಲಾರದೆ "ಅಲ್ಲಿ! ಅಲ್ಲಿ!"

ಆದ್ದರಿಂದ ದಯವಿಟ್ಟು, ಕೈಮುಗಿದು ಕೇಳುತ್ತೇನೆ, ಬೆರಳಿಟ್ಟು ತೋರಿಸಬೇಡಿ. "ನೋಡಿ ಮಕ್ಕಳೇ, ಬಂಡೆ ಹಿಂದೆ ಯಾರಿದ್ದಾರೆ?" ಅಂತ ಕೇಳಬೇಡಿ. ಕಂಡುಹಿಡಿಯುವುದು ಆ ಪುಸ್ತಕದಲ್ಲಿ ಮಗುವಿಗೆ ಇರುವ ಒಂದೇ ಕೆಲಸ. ಅದನ್ನು ನಾವು ಕಸಿದುಕೊಂಡರೆ ಮಗುವಿಗೆ ಉಳಿಯುವುದು ಸುಮ್ಮನೆ ಕೂತು ಕೇಳುವುದೊಂದೇ. ಮೊದಲ ಪುಟದಲ್ಲಿ ಯಾರಿಗೂ ಕಿವಿ ಕಾಣದಿದ್ದರೆ ಕಾಣದಿರಲಿ. ಮೂರನೆಯ ಪುಟದಲ್ಲಿ ಯಾರೋ ಒಬ್ಬರಿಗೆ ಕಾಣುತ್ತದೆ, ಆಮೇಲೆ ಎಲ್ಲರೂ "ಹಿಂದಕ್ಕೆ ತಿರುಗಿಸಿ, ಹಿಂದಕ್ಕೆ ತಿರುಗಿಸಿ" ಎಂದು ದುಂಬಾಲು ಬೀಳುತ್ತಾರೆ. ಅದಕ್ಕಿಂತ ಏನು ಬೇಕು?

ಈಗ ಭಾಷೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮಗೆ ಹೆಚ್ಚು ಕಾಲ ಹಿಡಿದದ್ದು ಇದೇ.

ಮೊದಲು "ಯಾರೂ ಇಲ್ಲ" ಅನ್ನುವುದನ್ನು ನೋಡಿ. ನಮ್ಮ ಮೊದಲ ಕರಡಿನಲ್ಲಿ ಇದ್ದದ್ದು "ಇಲ್ಲಿ ಏನೂ ಇಲ್ಲ". ಓದುವಾಗ ಏನೋ ಕಚ್ಚುತ್ತಿತ್ತು. ಕಲ್ಲು, ಮಣ್ಣು, ವಸ್ತು ಇಲ್ಲದಿದ್ದರೆ 'ಏನೂ ಇಲ್ಲ'. ಬಾಗಿಲು ತೆರೆದು ನೋಡಿ ಮನುಷ್ಯರು ಕಾಣದಿದ್ದರೆ 'ಯಾರೂ ಇಲ್ಲ'. ಒಂದೇ ಪದ ಬದಲಾಯಿಸಿದ ಕೂಡಲೇ ಬಂಡೆಯ ಹಿಂದಿನದು ವಸ್ತುವಾಗಿ ಉಳಿಯದೆ 'ಯಾರೋ' ಆಯಿತು.

ಹಾಗಿದ್ದರೆ ಆ ಯಾರೋ ಅವನೋ, ಅವಳೋ, ಅದೋ? ಕನ್ನಡದಲ್ಲಿ ಕ್ರಿಯಾಪದ ಸುಮ್ಮನೆ ಬಿಡುವುದಿಲ್ಲ. ಓಡಿದ, ಓಡಿದಳು, ಓಡಿತು, ಒಂದನ್ನು ಆರಿಸಲೇಬೇಕು. 'ಅದು' ಅಂದರೆ ಪ್ರಾಣಿಯೂ ಹೌದು, ಎಳೆಯ ಮಗುವೂ ಹೌದು. ಕೂಸು ಅತ್ತಿತು, ಮಗು ಮಲಗಿತು ಅನ್ನುತ್ತೇವಲ್ಲ. ಹಾಗಾಗಿ ನಾವು ಪಠ್ಯದಲ್ಲಿ 'ಅದು' ಇಟ್ಟುಕೊಂಡೆವು. ಆದರೆ ಮಜಾ ಕೇಳಿ. "ಇಲ್ಲಿ ಯಾರೂ ಇಲ್ಲ!" ಎಂದು ನಾನು ಓದಿದಾಗ ಮಕ್ಕಳು ತಿರುಗಿ ಕೂಗುತ್ತಾರಲ್ಲ, ಆ ಕೂಗು ಒಂದೇ ಇರುವುದಿಲ್ಲ. ಕೆಲವರು "ಇದೆ!" ಅನ್ನುತ್ತಾರೆ. ಕೆಲವರು "ಇದ್ದಾನೆ!" ಅನ್ನುತ್ತಾರೆ. ಒಂದು ಸಲ ಒಬ್ಬಳು ಎಲ್ಲರಿಗಿಂತ ಗಟ್ಟಿಯಾಗಿ "ಇದ್ದಾಳೆ!" ಅಂದಳು. ನಾನು ಯಾರನ್ನೂ ತಿದ್ದಲಿಲ್ಲ. ನೀವೂ ತಿದ್ದಬೇಡಿ. ಪುಸ್ತಕ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೂ ಅವರವರ ಯೇತಿ ಸಿಕ್ಕಿರುತ್ತದೆ.

ಎರಡನೆಯದು ನಾಚಿಕೆ. ಶುರುವಿನಲ್ಲಿ ನಾವು 'ನಾಚಿಕೆಯ ಯೇತಿ' ಎಂದೇ ಬರೆದಿದ್ದೆವು. ಗಟ್ಟಿಯಾಗಿ ಓದಿದಾಗ ತಪ್ಪು ಗೊತ್ತಾಯಿತು. ನಮ್ಮ 'ನಾಚಿಕೆ'ಗೆ ಎರಡು ಮುಖ. ಹೊಸಬರ ಮುಂದೆ ತಲೆತಗ್ಗಿಸಿ ನಿಲ್ಲುವುದೂ ನಾಚಿಕೆ, "ನಾಚಿಕೆ ಆಗಲ್ವಾ ನಿಂಗೆ?" ಎಂದು ಬೈಯುವಾಗಲೂ ನಾಚಿಕೆ. ಆ ಬೈಗುಳ ಕೇಳದ ಮಗು ಇಲ್ಲ. ಒಂದೇ ಪದದಲ್ಲಿ ಸ್ವಭಾವವೂ ಇದೆ, ತಪ್ಪು ಮಾಡಿದವರ ಅವಮಾನವೂ ಇದೆ. 'ಅಂಜಿಕೆ' ಅಂದರೆ ಹೆದರಿಕೆಯ ಕಡೆ ವಾಲುತ್ತದೆ. 'ಮುಜುಗರ' ಒಂದು ಸಂದರ್ಭದ ಮಾತು, ಬಂದು ಹೋಗುವಂಥದ್ದು. 'ಸಂಕೋಚ' ಇವೆಲ್ಲಕ್ಕಿಂತ ಮೆತ್ತಗಿದೆ. ಕುಗ್ಗುವುದು, ಮುದುಡುವುದು ಎಂಬ ಮೂಲ ಅರ್ಥವೂ ನಮ್ಮ ಯೇತಿಗೆ ಸರಿಹೊಂದಿತು, ಅದು ನಿಜವಾಗಿಯೂ ಮುದುಡಿಕೊಂಡು ಟೋಪಿಯೊಳಗೆ ಕೂರುತ್ತದೆ. ಐದು ವರ್ಷದವರಿಗೆ ಸಂಕೋಚ ಪದ ಕಷ್ಟವಾಗುವುದಿಲ್ಲವೇ ಎಂದು ಒಬ್ಬರು ಕೇಳಿದ್ದರು. ಕಷ್ಟವಾಗಲಿ ಬಿಡಿ. ದಿನಬಳಕೆಯಲ್ಲಿ ಮಕ್ಕಳ ಕಿವಿಗೆ ಬೀಳದ ಪದಗಳು ಚಿತ್ರಪುಸ್ತಕದಿಂದಲೇ ಬರಬೇಕು. ನಾವು ಮಗುವಿನ ಹತ್ತಿರ ಮಾತಾಡುವಾಗ "ಬಾ, ತಿನ್ನು, ಬಿಡು, ಮಲಗು" ಇದರ ಸುತ್ತಲೇ ಸುತ್ತುತ್ತೇವೆ. ಪುಸ್ತಕದ ಪದಸಂಪತ್ತು ಅದಕ್ಕಿಂತ ದೊಡ್ಡದು ಎಂದು ಎಣಿಸಿ ನೋಡಿದ ಸಂಶೋಧಕರೂ ಹೇಳಿದ್ದಾರೆ.

ಮೂರನೆಯದು ಸದ್ದು. ಗಟ್ಟಿಯಾಗಿ ಓದುವ ಪುಸ್ತಕಕ್ಕೆ ಕನ್ನಡದಂಥ ಭಾಷೆ ಸಿಕ್ಕುವುದು ಪುಣ್ಯ. ಅನುಕರಣಾವ್ಯಯ ಎಂದು ವ್ಯಾಕರಣದಲ್ಲಿ ಓದಿ ಮರೆತುಬಿಟ್ಟಿದ್ದೇವಲ್ಲ, ಅದು ಈ ಪುಸ್ತಕಗಳ ಬೆನ್ನೆಲುಬು. ಎದೆ ಡವಡವ ಅನ್ನುತ್ತದೆ, ಗಾಳಿ ಸುಯ್ಯೆನ್ನುತ್ತದೆ, ಹಿಮ ದಬಕ್ಕನೆ ಕುಸಿಯುತ್ತದೆ. ತಂಡದವರ ಬೂಟಿನ ಸದ್ದು 'ಕರಕ್ ಕರಕ್', ಯೇತಿಯ ಕಾಲಿನ ಸದ್ದು 'ಟುಪುಕ್ ಟುಪುಕ್'. ಇವನ್ನು ಆರಿಸುವಾಗ ನಾವು ಬರೆದು ನೋಡಲಿಲ್ಲ, ಬಾಯಲ್ಲಿ ಹೇಳಿ ನೋಡಿದೆವು. ಕ-ಕಾರ ಗಂಟಲಲ್ಲಿ ಗಟ್ಟಿಯಾಗಿ ಕೂರುತ್ತದೆ. ಟುಪುಕ್ ತುಟಿಯ ಮೇಲೆ ಮೆಲ್ಲಗೆ ಒಡೆಯುತ್ತದೆ, ಅದನ್ನು ಪಿಸುಮಾತಿನಲ್ಲೂ ಹೇಳಬಹುದು.

ಇನ್ನೊಂದು ಮಾತು, ಬರಹದ ಕನ್ನಡದ ಬಗ್ಗೆ. 'ನೋಡಿದರು' ಎಂದು ಅಚ್ಚಾಗಬೇಕೋ 'ನೋಡಿದ್ರು' ಎಂದೋ? ಈ ಜಗಳ ನಮ್ಮಿಬ್ಬರ ನಡುವೆ ತಿಂಗಳುಗಟ್ಟಲೆ ನಡೆಯಿತು. ಮಗು ಮುಂದೆ ತಾನೇ ಓದಲು ಕಲಿಯುವಾಗ ಗೊಂದಲ ಆಗಬಾರದು ಅನ್ನುವುದು ಗೆಳತಿಯ ವಾದ, ಅದರಲ್ಲಿ ಹುರುಳಿದೆ. ಆದರೂ ನಾನು ಬಿಡಲಿಲ್ಲ. ಈ ಪುಸ್ತಕ ಮೊದಲು ಕಿವಿಗೆ ಹೋಗುತ್ತದೆ. 'ಕತ್ತು ನೋಯುವಷ್ಟು ಮೇಲೆ ನೋಡಿದರು' ಎಂದು ಓದಿದರೆ ಪಾಠ ಓದಿದ ಹಾಗೆ ಕೇಳುತ್ತದೆ, 'ಕತ್ತು ನೋಯೋವಷ್ಟು' ಅಂದರೆ ಯಾರೋ ನಿಜವಾಗಿ ಕತ್ತು ಎತ್ತಿದ ಹಾಗೆ ಕೇಳುತ್ತದೆ. ನಿಮ್ಮ ಕೈಲಿರುವ ಪುಸ್ತಕ ಗ್ರಾಂಥಿಕದಲ್ಲಿದ್ದರೆ ಓದುವಾಗ ನಿಮ್ಮ ಮಾತಿಗೆ ತಿರುಗಿಸಿಕೊಳ್ಳಿ. ನಿಮ್ಮ ಮನೆಯ ಕನ್ನಡ ಯಾವುದೋ ಆ ಕನ್ನಡಕ್ಕೆ.

ಓದುವ ರೀತಿಗೆ ಬಂದರೆ, ಪುಸ್ತಕವನ್ನು ಎದೆಯ ಮುಂದೆ ಹಿಡಿದು ಮೇಲಿಂದ ಬಗ್ಗಿ ನೋಡಿ ಓದಬೇಡಿ, ನಿಮ್ಮ ತಲೆ ಚಿತ್ರಕ್ಕೆ ಅಡ್ಡ ಬರುತ್ತದೆ. ಭುಜದ ಪಕ್ಕಕ್ಕೆ ಹಿಡಿಯಿರಿ, ಓರೆಗಣ್ಣಿನಲ್ಲಿ ಓದಿ. ಪಠ್ಯ ಅರ್ಧ ಬಾಯಿಪಾಠ ಆಗಿರಬೇಕು. ಪುಟ ತಿರುಗಿಸುವ ಮೊದಲು ಹಾಳೆಯ ಮೂಲೆಯನ್ನು ಬೆರಳಲ್ಲಿ ಎತ್ತಿ ಹಿಡಿದು ತಡೆಯಿರಿ. ಮಕ್ಕಳ ಕಣ್ಣು ಆ ಮೂಲೆಗೇ ಅಂಟಿಕೊಳ್ಳುತ್ತದೆ.

ದನಿ. ತಮಾಷೆ ಪುಸ್ತಕ ಅಂದ ಕೂಡಲೇ ನಾವು ದನಿ ಎತ್ತುತ್ತೇವೆ. ಸಂಕೋಚದ ಪ್ರಾಣಿಗೆ ಅದು ಸಲ್ಲದು. ತಂಡದ ಮಾತು ಜೋರಾಗಿರಲಿ, ಯೇತಿಯ ಪುಟ ಬಂದಾಗ ದನಿ ಇಳಿಯಲಿ, ಕೇಳಿಯೂ ಕೇಳದಷ್ಟು ಇಳಿಯಲಿ. ಮಕ್ಕಳು ಕುಂಡೆ ಸರಿಸಿಕೊಂಡು ಮುಂದೆ ಮುಂದೆ ಬರುತ್ತಾರೆ. ನಮ್ಮ ಪುಸ್ತಕದ ನಡುವೆ ಒಂದು ಸೀನು ಇದೆ. ಯೇತಿ ಒಬ್ಬರ ಬೆನ್ನುಚೀಲದಲ್ಲಿ ಅಡಗಿದಾಗ ಉಣ್ಣೆ ಮೂಗಿಗೆ ತಾಗಿ "ಆ... ಆ..." ಎನ್ನುತ್ತದೆ, ಪುಟ ತಿರುಗಿದರೆ "ಆಕ್ಷೀ!" ಮೂವರೂ ಒಬ್ಬರನ್ನೊಬ್ಬರು ನೋಡುತ್ತಾರೆ. "ನೀನಾ ಸೀನಿದ್ದು?" "ನಾನಲ್ಲಪ್ಪ, ನೀನಾ?" "ಏ, ನಾನಲ್ಲ!" ಅಲ್ಲಿಯವರೆಗೆ ಪಿಸುಮಾತಿನಲ್ಲಿ ಓದಿದ್ದರೆ ಆ ಸೀನಿಗೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮೊದಲಿಂದಲೂ ಕಿರುಚಿ ಓದಿದ್ದರೆ ಅದು ಇನ್ನೊಂದು ಕಿರುಚು ಅಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಶುರುವಿನ ದಿನಗಳಲ್ಲಿ ಒಂದು ಗುಂಪಿಗೆ ಓದುವಾಗ ತೀರ ಮಾತಾಡದ ಒಬ್ಬ ಹುಡುಗನಿದ್ದ. ಅವನನ್ನು ಒಳಗೊಳ್ಳಬೇಕೆಂಬ ಉತ್ಸಾಹದಲ್ಲಿ ಓದು ನಿಲ್ಲಿಸಿ, ಎಲ್ಲರ ಮುಂದೆ, "ಈ ಯೇತಿ ನಿನ್ನ ಥರಾನೇ ಅಲ್ವಾ?" ಎಂದುಬಿಟ್ಟೆ. ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ಅಂಗಿಯ ಕಾಲರನ್ನು ಮೂಗಿನ ತನಕ ಎಳೆದುಕೊಂಡ, ಪುಸ್ತಕ ಮುಗಿಯುವವರೆಗೂ ಬಿಡಲಿಲ್ಲ. ಅಡಗಿಕೊಳ್ಳಲು ಅವನಿಗೊಂದು ಬಂಡೆ ಸಿಕ್ಕಿತ್ತು, ನಾನೇ ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಇಂದಿಗೂ ಆ ಕಾಲರ್ ನನ್ನ ಕಣ್ಣ ಮುಂದಿದೆ. ಪುಸ್ತಕದಲ್ಲಿ ತನ್ನ ಹಾಗಿರುವವರನ್ನು ಮಗು ತಾನೇ, ಒಳಗೊಳಗೇ ಗುರುತಿಸಿಕೊಳ್ಳಲಿ. ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ನಮಗಿಲ್ಲ.

ಸಂಕೋಚದ ಮಗುವಿನ ಬಗ್ಗೆ ಮನಶ್ಶಾಸ್ತ್ರ ಬಲ್ಲವರು ಹೇಳುವ ಒಂದು ಸಂಗತಿ ನಮ್ಮ ಕತೆಯನ್ನೇ ಬದಲಿಸಿತು. ಒಬ್ಬಂಟಿಯಾಗಿರಲು ಇಷ್ಟಪಡುವ ಮಗು ಬೇರೆ, ಸಂಕೋಚದ ಮಗು ಬೇರೆ. ಸಂಕೋಚದ ಮಗುವಿಗೆ ಹತ್ತಿರ ಬರಲೂ ಆಸೆ, ಓಡಿಹೋಗಲೂ ಆಸೆ, ಎರಡೂ ಒಟ್ಟಿಗೇ. ಹಾಗಾಗಿ ನಮ್ಮ ಯೇತಿ ದೂರ ಓಡುವುದನ್ನು ನಿಲ್ಲಿಸಿದೆವು. ಮೊದಲು ಬಂಡೆಯ ಹಿಂದೆ, ಆಮೇಲೆ ಯಾಕ್‌ಗಳ ಕಾಲ ನಡುವೆ, ಆಮೇಲೆ ಬೆನ್ನುಚೀಲದಲ್ಲಿ, ಕೊನೆಗೆ ಟೋಪಿಯಲ್ಲಿ, ಪ್ರತಿ ಪುಟಕ್ಕೂ ಅದು ಒಂದಿಷ್ಟು ಹತ್ತಿರ ಬರುತ್ತದೆ. ಪಠ್ಯದಲ್ಲಿ ಇದನ್ನು ಎಲ್ಲೂ ಹೇಳಿಲ್ಲ. ಮಕ್ಕಳು ಮಾತ್ರ ಹೇಳುತ್ತಾರೆ: "ಅದಕ್ಕೆ ಅವ್ರ ಜೊತೆ ಆಟ ಆಡ್ಬೇಕು."

ಮಾತಿನ ನಡುವೆ ಒಂದು ಪ್ರಶ್ನೆ ಎಲ್ಲ ಗುಂಪಿನಲ್ಲೂ ಬರುತ್ತದೆ, ನಿಮಗೂ ಬರುತ್ತದೆ: "ಯೇತಿ ನಿಜವಾಗ್ಲೂ ಇದೆಯಾ?" ಸುಳ್ಳು ಹೇಳಬೇಡಿ. ನಾನು ಇದ್ದದ್ದನ್ನು ಹೇಳುತ್ತೇನೆ. 1960ರಲ್ಲಿ ಎಡ್ಮಂಡ್ ಹಿಲರಿ ಯೇತಿ ಹುಡುಕಲೆಂದೇ ತಂಡ ಕಟ್ಟಿಕೊಂಡು ಹೋದರು. ನೇಪಾಳದ ಖುಮ್‌ಜುಂಗ್ ಹಳ್ಳಿಯಲ್ಲಿ ಜೋಪಾನ ಮಾಡಿದ್ದ 'ಯೇತಿಯ ನೆತ್ತಿ'ಯನ್ನು ಹಳ್ಳಿಯ ಹಿರಿಯರೊಬ್ಬರ ಜೊತೆ ವಿಮಾನದಲ್ಲಿ ಒಯ್ದು ಪರೀಕ್ಷೆ ಮಾಡಿಸಿದರು. ಅದು ಸೆರೋ ಎಂಬ ಬೆಟ್ಟದ ಆಡಿನಂಥ ಪ್ರಾಣಿಯ ಚರ್ಮ ಎಂದಾಯಿತು. 2017ರಲ್ಲಿ ಯೇತಿಯದು ಎನ್ನಲಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆ ನಡೆಯಿತು. ಎಂಟು ಕರಡಿಯವು, ಒಂದು ನಾಯಿಯದು. ಮಕ್ಕಳು ಇದನ್ನು ಕೇಳಿ ನಿರಾಸೆಪಡುತ್ತಾರೆ ಎಂದುಕೊಂಡಿದ್ದೆ. ಇಲ್ಲ. "ಅಂದ್ರೆ ನಾಯೀನೂ ಯೇತಿ ಆಗಕ್ಕೆ ಹೋಗಿತ್ತಾ!" ಎಂದು ನಕ್ಕು, ಮುಂದಿನ ಪುಟಕ್ಕೆ ಬಂದು, ಅಷ್ಟೇ ಆಸೆಯಿಂದ ಕಿವಿ ಹುಡುಕುತ್ತಾರೆ. ನಿಜ ಮತ್ತು ಕತೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಇನ್ನು ಕತೆಯ ಕೊನೆ. ಸಂಕೋಚದ ಪ್ರಾಣಿಯ ಕತೆಗಳು ಹೆಚ್ಚಾಗಿ ಒಂದೇ ಕಡೆ ಹೋಗಿ ಮುಗಿಯುತ್ತವೆ. ಪ್ರಾಣಿ ಧೈರ್ಯ ತಂದುಕೊಂಡು ಹೊರಗೆ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಕೊನೆಯ ಪುಟದಲ್ಲಿ ಕುಣಿತ. ಅಂದರೆ ಸಂಕೋಚ ಒಂದು ಕಾಯಿಲೆ, ಕೊನೆಗೆ ವಾಸಿಯಾಯಿತು ಎಂದಂತಾಯಿತು. ಗೋಡೆಗೆ ಒರಗಿ ಕೂತ ಮಗುವಿಗೆ ನಾಳೆಯೂ ಸಂಕೋಚ ಇರುತ್ತದೆ. ಪುಸ್ತಕ ಅದನ್ನು ಒಂಟಿಯಾಗಿ ಬಿಟ್ಟುಹೋಗುವುದು ನಮಗಿಬ್ಬರಿಗೂ ಒಪ್ಪಿಗೆಯಾಗಲಿಲ್ಲ.

ನಮ್ಮ ಕೊನೆ ಹೀಗಿದೆ. ರಾತ್ರಿ. ಡೇರೆಯೊಳಗೆ ಇಬ್ಬರು ಗೊರಕೆ ಹೊಡೆಯುತ್ತಿದ್ದಾರೆ. ಮೂರನೆಯವಳು, ತಂಡದಲ್ಲೆಲ್ಲ ಮಾತು ಕಡಿಮೆ ಇರುವವಳು, ಎದ್ದಿದ್ದಾಳೆ. ತನ್ನ ಟೋಪಿ ಅಲ್ಲಾಡುವುದನ್ನು ನೋಡುತ್ತಾಳೆ. ಎರಡು ಕಿವಿ ಕಾಣುತ್ತದೆ. ಏನೂ ಅನ್ನುವುದಿಲ್ಲ, ಎತ್ತಿ ನೋಡುವುದಿಲ್ಲ. ಒಂದು ಲೋಟ ಬೆಣ್ಣೆ ಚಹಾ ಬಗ್ಗಿಸಿ ಡೇರೆಯ ಹೊರಗಿಟ್ಟು ಮಲಗುತ್ತಾಳೆ. ಬೆಳಿಗ್ಗೆ ಲೋಟ ಖಾಲಿ. ಪಕ್ಕದಲ್ಲಿ ಒಂದು ಹೆಜ್ಜೆ, ಅವಳ ಹೆಬ್ಬೆರಳಿನಷ್ಟು. ಬೆಟ್ಟದಾಚೆ ಸೂರ್ಯ ಏಳುತ್ತಿದ್ದಾನೆ. ಅವಳು ತನ್ನ ಟೋಪಿ ತೆಗೆದು ಆ ಹೆಜ್ಜೆಯ ಮೇಲೆ ಕವುಚುತ್ತಾಳೆ, ಬಿಸಿಲು ತಾಗಿ ದೊಡ್ಡದಾಗದಿರಲಿ ಎಂದು. ಉಳಿದಿಬ್ಬರು ಕಣ್ಣುಜ್ಜುತ್ತಾ ಹೊರಗೆ ಬಂದು ಕೇಳುತ್ತಾರೆ: "ಏನಾದ್ರೂ ಕಾಣಿಸ್ತಾ?"

"ಇಲ್ಲಿ ಯಾರೂ ಇಲ್ಲ."

ಇದು ಮಕ್ಕಳಿಗೆ ಸುಳ್ಳು ಹೇಳಿಕೊಟ್ಟ ಹಾಗಲ್ಲವೇ ಎಂದು ಪಾಲಕರೊಬ್ಬರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ನಾವು ಅದರ ಮೇಲೆ ಸಾಕಷ್ಟು ಕೂತಿದ್ದೇವೆ. ಬೇರೆಯವರಿಗೆ ಕೇಡಾಗುವುದನ್ನು ಬಚ್ಚಿಡುವುದು ಒಂದು, ನಂಬಿ ಹತ್ತಿರ ಬಂದವರನ್ನು ಬಿಟ್ಟುಕೊಡದಿರುವುದು ಇನ್ನೊಂದು. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ ಎಂದು ನಾನು ಹೇಗೆ ಹೇಳಬಲ್ಲೆ ಅಂದರೆ, ಅಲ್ಲಿಯವರೆಗೆ ಆರು ಸಲ "ಇದೆ! ಇದ್ದಾನೆ! ಇದ್ದಾಳೆ!" ಎಂದು ಗಂಟಲು ಹರಿಯುವಂತೆ ಕೂಗಿದವರು ಈ ಏಳನೆಯ ಸಲ ಕೂಗುವುದಿಲ್ಲ. ಮೊದಲ ಬಾರಿ ಇದನ್ನು ನೋಡಿದಾಗ ನನಗೆ ಮುಂದೆ ಓದಲಾಗಲಿಲ್ಲ. ಓದುವುದಕ್ಕೆ ಮುಂದೇನೂ ಇರಲಿಲ್ಲ, ಆ ಮಾತು ಬೇರೆ. ಇಪ್ಪತ್ತು ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು, ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು.

ಆ ಹೊತ್ತಿನಲ್ಲಿ "ಈ ಕತೆಯಿಂದ ಏನು ಕಲಿತಿರಿ?" ಎಂದು ಕೇಳಬೇಡಿ. ಪುಸ್ತಕ ಮುಚ್ಚಿ, ಐದು ಎಣಿಸಿ. ಅಷ್ಟರೊಳಗೆ ಯಾರಾದರೂ "ಇನ್ನೊಂದ್ಸಲ" ಅನ್ನುತ್ತಾರೆ, ಓದಿ. ಬೇರೆ ಬೇರೆ ಪುಸ್ತಕ ಓದಿಸಿಕೊಂಡ ಮಕ್ಕಳಿಗಿಂತ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದ ಮೂರು ವರ್ಷದವರು ಹೊಸ ಪದಗಳನ್ನು ಚೆನ್ನಾಗಿ ಕಲಿತರೆಂದು 2011ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಓದಿ ದಣಿದಿರುವಾಗ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ. ಎರಡನೆಯ ಓದಿನ ಹೊತ್ತಿಗೆ ಮಕ್ಕಳಿಗೆ ಯೇತಿ ಎಲ್ಲೆಲ್ಲಿದೆ ಎಂದು ಗೊತ್ತು, ಕೊನೆಯೂ ಗೊತ್ತು. ಆಗ ಮೊದಲ "ಇಲ್ಲಿ ಯಾರೂ ಇಲ್ಲ"ಕ್ಕೆ ಕೆಲವರು ಕೂಗುತ್ತಾರೆ, ಕೆಲವರು ಪಕ್ಕದವರ ಬಾಯಿ ಮುಚ್ಚುತ್ತಾರೆ.

ಹೋದ ವಾರದ ಓದು ಮುಗಿದ ಮೇಲೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬಳು ಬಂದು ನನ್ನ ಸೀರೆಯ ಸೆರಗು ಹಿಡಿದು ನಿಂತಳು. ಓದುವಾಗ ಒಂದು ಸಲವೂ ಕೂಗಿರಲಿಲ್ಲ. ಕಚ್ಚಾ ಪ್ರತಿಯ ಮೊದಲ ಪುಟ, ಶೀರ್ಷಿಕೆಯ ಪುಟ, ಅದನ್ನು ತೆರೆದು ಮೂಲೆಯಲ್ಲಿ ಬೆರಳಿಟ್ಟಳು. ಶೀರ್ಷಿಕೆಯ ಅಕ್ಷರದ ಹಿಂದೆ ಒಂದು ಪುಟ್ಟ ಕಾಲು ಇತ್ತು. ಅಷ್ಟು ಸಲ ಓದಿದ್ದರೂ ನಾನು ನೋಡಿರಲಿಲ್ಲ. ಗೆಳತಿ ನನಗೂ ಹೇಳದೆ ಬರೆದಿಟ್ಟಿದ್ದಳು. ಆ ಹುಡುಗಿ ಆಮೇಲೆ ಕೇಳಿದಳು, ತೀರ ಮೆಲ್ಲಗೆ: "ಟೋಪಿ ಯಾರ ಹತ್ರ ಹೋಯ್ತು?"

ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಅಂದು ರಾತ್ರಿ ಗೆಳತಿಗೆ ಫೋನ್ ಮಾಡಿ ಹೇಳಿದೆ. ಈಗ ಹಿಂಬದಿಯ ರಕ್ಷಾಪುಟಕ್ಕೆ ಚಿತ್ರ ಸಿದ್ಧವಾಗುತ್ತಿದೆ: ಹಿಮದ ಇಳಿಜಾರು, ಅದರ ಮೇಲೆ ತಾನಾಗಿ ನಡೆದುಹೋಗುತ್ತಿರುವ ಒಂದು ದೊಡ್ಡ ಟೋಪಿ, ಕೆಳಗೆ ಎರಡು ಪಾದ.